ಟ್ರಾಫಿಕ್‌ನಲ್ಲಿ ಮಾತ್ರ ಇಂಜಿನ್ ಹೀಟ್, ಗ್ಯಾರೇಜ್‌ನವರು ಹೆಡ್ ಇಳಿಸಬೇಕು ಅನ್ನುತ್ತಿದ್ದಾರೆ. ಒಪ್ಪಬೇಕಾ?

ನೀಲಿಕಾರು

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಇದೆ. ಅರ್ಧಂಬರ್ಧ ಹೇಳಿದರೆ ಉತ್ತರವೂ ಅರ್ಧಂಬರ್ಧ ಬರುತ್ತದೆ ಅಂತ ಕಂಡಿದ್ದನ್ನೆಲ್ಲ ಬರೆಯುತ್ತಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್. ರೇಡಿಯೇಟರ್ ಮೇಲೆಯೇ ಕ್ಯಾಪ್ ಇದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲ್. ಟೆಂಪರೇಚರ್ ಮುಳ್ಳು ಯಾವಾಗಲೂ ಅರ್ಧಕ್ಕಿಂತ ತುಸು ಕೆಳಗೆ ನಿಂತಿರುತ್ತಿತ್ತು, ಅಲ್ಲಾಡುತ್ತಲೂ ಇರಲಿಲ್ಲ. ಈಚೆಗೆ ಟ್ರಾಫಿಕ್‌ನಲ್ಲಿ ತೆವಳುವಾಗ ಮೇಲೇರಲು ಶುರುವಾಗಿದೆ. ಖಾಲಿ ರಸ್ತೆ ಸಿಕ್ಕು ಸ್ಪೀಡ್ ಹಿಡಿದರೆ ತಾನಾಗಿಯೇ ಇಳಿಯುತ್ತದೆ.

ಮೊನ್ನೆ ಒಂದು ಕಡೆ ತುಂಬಾ ಹೊತ್ತು ಸಿಕ್ಕಿಹಾಕಿಕೊಂಡೆ. ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಜಾಗ ಸಿಕ್ಕ ತಕ್ಷಣ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ. ಬಾನೆಟ್ ಎತ್ತಿದರೆ ಬಾಟಲ್‌ನಲ್ಲಿ ಗುಳುಗುಳು ಅಂತ ಗುಳ್ಳೆ. ಕ್ಯಾಪ್ ಮುಟ್ಟಲಿಲ್ಲ. ಟೋ ಮಾಡಿಸಿ ಗ್ಯಾರೇಜ್‌ಗೆ ಬಿಟ್ಟೆ.

ಅಲ್ಲಿನ ಮೆಕ್ಯಾನಿಕ್ ಗಾಡಿ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟರು. ಬಾಟಲ್ ನೋಡಿದರು. "ಗುಳ್ಳೆ ಬರ್ತಿದೆ ಅಂದ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ, ಹೆಡ್ ಇಳಿಸಬೇಕು" ಅಂದರು. ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವೆ ಕೂರುವ ಸೀಲ್ ಅದು. ಏನಾದರೂ ಟೆಸ್ಟ್ ಮಾಡಿದಿರಾ ಅಂತ ಕೇಳಿದೆ. "ಟೆಸ್ಟ್ ಯಾಕೆ, ನೋಡಿದ್ರೇ ಗೊತ್ತಾಗತ್ತಲ್ಲ" ಅಂದರು. ಎಸ್ಟಿಮೇಟ್‌ನಲ್ಲಿ ಗ್ಯಾಸ್ಕೆಟ್ ಸೆಟ್, ಹೆಡ್ ಫೇಸಿಂಗ್ (ಹೆಡ್‌ನ ತಳ ಸಮತಟ್ಟು ಮಾಡುವುದು), ಟೈಮಿಂಗ್ ಬೆಲ್ಟ್ (ವಾಲ್ವ್, ಪಿಸ್ಟನ್ ಹೊಂದಿಕೊಂಡು ಓಡುವಂತೆ ಮಾಡುವ ಬೆಲ್ಟ್) ಬರೆದು, ಕೊನೆಯಲ್ಲಿ "ಬಿಚ್ಚಿದ ಮೇಲೆ ಸಿಗುವ ಇತರೆ ಕೆಲಸ" ಅಂತ ಒಂದು ಸಾಲು ಸೇರಿಸಿದ್ದಾರೆ. ಅದರ ಮುಂದೆ ಮೊತ್ತವೇ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಗ್ಯಾಸ್ಕೆಟ್‌ಗಿಂತ ಆ ಸಾಲಿನ ಭಯವೇ ಜಾಸ್ತಿ.

ನಾನು ಗಮನಿಸಿದ ಬೇರೆ ವಿಷಯಗಳೂ ಇವೆ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್‌ನ ಮೇಲಿನ ಹೋಸ್ ಯಾರೋ ಒಳಗಿಂದ ಹೀರಿದಂತೆ ಚಪ್ಪಟೆಯಾಗಿರುತ್ತದೆ. ಬಾಟಲ್‌ನಲ್ಲಿ ಕೂಲೆಂಟ್ ಮ್ಯಾಕ್ಸ್ ಗೆರೆ ದಾಟಿದೆ, ಆದರೆ ಕ್ಯಾಪ್ ತೆಗೆದು ನೋಡಿದರೆ ರೇಡಿಯೇಟರ್ ಒಳಗೆ ಮಟ್ಟ ಕಮ್ಮಿ. ಎಸಿ ಕೂಡ ಸರಿಯಿಲ್ಲ, ನಿಂತಾಗ ಉಗುರುಬೆಚ್ಚಗಿನ ಗಾಳಿ, ಓಡುವಾಗ ತಣ್ಣಗೆ ಬರುತ್ತದೆ. ಗ್ಯಾಸ್ ಕಮ್ಮಿ ಇರಬೇಕು ಅಂದುಕೊಂಡಿದ್ದೇನೆ, ಅದು ಬೇರೆ ವಿಷಯ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಾಮೂಲಿ ಬಣ್ಣದಲ್ಲೇ ಇದೆ. ಬಿಳಿ ಹೊಗೆ ಇಲ್ಲ. ಪಿಕಪ್ ಕೂಡ ಮೊದಲಿನಂತೆಯೇ ಇದೆ.

ಹೆಡ್ ಇಳಿಸಲು ಒಪ್ಪಬೇಕಾ? ಅದಕ್ಕೂ ಮೊದಲು ಯಾವ ಟೆಸ್ಟ್ ಕೇಳಬೇಕು?

ಲಾಂಗ್‌ರೂಟ್

ಮೇಡಂ, ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ. ಇಂಜಿನ್ ಬಿಸಿಯಾಗುವವರೆಗೂ ರೇಡಿಯೇಟರ್ ದಾರಿ ತಡೆಯುವ ವಾಲ್ವ್ ಇದೆಯಲ್ಲ, ಆ ಥರ್ಮೋಸ್ಟಾಟ್ ಕಿತ್ತು ಬಿಸಾಕಿ. ನೀರು ಸಲೀಸಾಗಿ ಓಡಾಡುತ್ತದೆ, ಹೀಟ್ ಆಗುವ ಮಾತೇ ಇಲ್ಲ. ನಮ್ಮ ಲೋಡ್ ಗಾಡಿಗೆಲ್ಲ ಹೀಗೇ ಮಾಡುತ್ತಿದ್ದೆವು.

ಹಳೇಸ್ಪ್ಯಾನರ್

ಮೇಡಂ, ಇವತ್ತಿಗೆ ಹೆಡ್‌ಗೆ ಕೈ ಹಾಕಲು ಬಿಡಬೇಡಿ. ನನ್ನ ಕೆಲಸವೇ ರೇಡಿಯೇಟರ್ ಮತ್ತು ಕೂಲಿಂಗ್. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಅದರಲ್ಲೂ "ಅದು ಬೇರೆ ವಿಷಯ" ಅಂದಿರಲ್ಲ, ಆ ಎಸಿ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು.

ಗಾಡಿ ಹೀಟ್ ಆಗುತ್ತದೆ ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ಯಾವಾಗ ಆಗುತ್ತದೆ ಅಂತ. ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರ್‌ಗೆ ಬಡಿಯುತ್ತದೆ. ನಿಂತಾಗ ಆ ಗಾಳಿಯನ್ನು ಫ್ಯಾನ್ ಎಳೆಯಬೇಕು. ಹಾಗಾಗಿ ನಿಂತಾಗ ಹೀಟ್, ಓಡುವಾಗ ಸರಿ ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಉಲ್ಟಾ ಇದ್ದಿದ್ದರೆ, ಅಂದರೆ ಹೈವೇಯಲ್ಲಿ ಹೀಟ್ ಆಗಿ ಐಡ್ಲಿಂಗ್‌ನಲ್ಲಿ ಸರಿ ಇದ್ದಿದ್ದರೆ, ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಸವೆದ ವಾಟರ್ ಪಂಪ್ ಈ ಕಡೆ ಹುಡುಕುತ್ತಿದ್ದೆ.

ಈಗ ಎಸಿ. ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಕೂತಿರುವುದು ರೇಡಿಯೇಟರ್‌ನ ಮುಂದೆಯೇ. ನಿಮ್ಮಂಥ ಕಾರಿನಲ್ಲಿ ಅದಕ್ಕೂ ಗಾಳಿ ಕೊಡುವುದು ಇದೇ ಫ್ಯಾನ್. ಗ್ಯಾಸ್ ತುಂಬಾ ಕಮ್ಮಿ ಇದ್ದರೆ ಓಡುವಾಗಲೂ ತಣ್ಣಗೆ ಬರುವುದು ಕಷ್ಟ. ನಿಂತಾಗ ಮಾತ್ರ ಬೆಚ್ಚಗೆ, ಓಡುವಾಗ ತಣ್ಣಗೆ, ಜೊತೆಗೆ ಇಂಜಿನ್ನೂ ನಿಂತಾಗಲೇ ಹೀಟ್ ಅಂದರೆ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ ಅನ್ನುವುದೇ ಮೊದಲ ಅನುಮಾನ. ಎರಡೂ ಒಂದೇ ರೋಗ ಇರಬೇಕು.

ನೋಡುವುದು ಸುಲಭ. ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ಕೈ, ಕೋಲು, ಸ್ಕ್ರೂಡ್ರೈವರ್ ಏನನ್ನೂ ಹತ್ತಿರ ಒಯ್ಯಬೇಡಿ, ಫ್ಯಾನ್ ಯಾವ ಗಳಿಗೆಯಲ್ಲಾದರೂ ಎದ್ದು ತಿರುಗಬಹುದು. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್‌ನ ಕನೆಕ್ಟರ್ ನೋಡಿಸಿ. ಕನೆಕ್ಟರ್ ಕರಗಿ ಕಪ್ಪಾಗಿರುವುದು ಬಹಳ ಸಾಮಾನ್ಯ.

ಇನ್ನೊಂದು ಇದೆ, ಇದರಲ್ಲಿ ಒಳ್ಳೆಯ ಮೆಕ್ಯಾನಿಕ್‌ಗಳೂ ಏಮಾರುತ್ತಾರೆ. ಬಹಳ ಕಾರುಗಳಲ್ಲಿ ಫ್ಯಾನ್‌ಗೆ ಎರಡು ಸ್ಪೀಡ್. ಕಮ್ಮಿ ಸ್ಪೀಡ್‌ಗೆ ಕರೆಂಟ್ ಒಂದು ರೆಸಿಸ್ಟರ್ ಮೂಲಕ ಹೋಗುತ್ತದೆ. ಆ ರೆಸಿಸ್ಟರ್ ಸುಟ್ಟರೆ ಕಮ್ಮಿ ಸ್ಪೀಡ್ ಸತ್ತಂತೆ. ಜೋರು ಸ್ಪೀಡ್ ಮಾತ್ರ ಉಳಿಯುತ್ತದೆ, ಅದು ಬರುವುದು ಇಂಜಿನ್ ಚೆನ್ನಾಗಿ ಕಾದ ಮೇಲೆ. ಗ್ಯಾರೇಜ್‌ನಲ್ಲಿ ಗಾಡಿ ಬಿಸಿ ಮಾಡಿ ನೋಡಿದವರಿಗೆ ಫ್ಯಾನ್ ಜೋರಾಗಿ ತಿರುಗುವುದು ಕಾಣುತ್ತದೆ. "ಫ್ಯಾನ್ ಓಕೆ" ಅಂದುಬಿಡುತ್ತಾರೆ.

ಇನ್ನು ಚಪ್ಪಟೆ ಹೋಸ್, ತುಂಬಿದ ಬಾಟಲ್. ಇದು ಕ್ಯಾಪ್. ಎಲ್ಲರೂ ಅದನ್ನು ಬರೀ ಮುಚ್ಚಳ ಅಂದುಕೊಳ್ಳುತ್ತಾರೆ. ಅದರೊಳಗೆ ಎರಡು ವಾಲ್ವ್ ಇದೆ. ಕೂಲೆಂಟ್ ಬಿಸಿಯಾಗಿ ಹಿಗ್ಗಿದಾಗ ದೊಡ್ಡದು ತೆರೆದು ಹೆಚ್ಚಾಗಿದ್ದನ್ನು ಬಾಟಲ್‌ಗೆ ಕಳಿಸುತ್ತದೆ. ತಣ್ಣಗಾದಾಗ ನಡುವಿನ ಚಿಕ್ಕದು ತೆರೆದು ಬಾಟಲ್‌ನಿಂದ ವಾಪಸ್ ಎಳೆದುಕೊಳ್ಳುತ್ತದೆ. ಚಿಕ್ಕದು ಅಂಟಿಕೊಂಡರೆ ಹೋದ ಕೂಲೆಂಟ್ ಹಿಂದೆ ಬರುವುದಿಲ್ಲ. ಬಾಟಲ್ ತುಂಬುತ್ತಾ ಹೋಗುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಹೋಗುತ್ತದೆ, ಒಳಗಿನ ನಿರ್ವಾತಕ್ಕೆ ಹೋಸ್ ಚಪ್ಪಟೆಯಾಗುತ್ತದೆ. ನೀವು ಬೆಳಿಗ್ಗೆ ನೋಡಿದ್ದು ಇದನ್ನೇ.

ದೊಡ್ಡ ವಾಲ್ವ್‌ನ ಸ್ಪ್ರಿಂಗ್ ಸೋತರೆ ಇನ್ನೊಂದು ತೊಂದರೆ. ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಕ್ಯಾಪ್ ಒಂದು ಬಾರ್ ಆಸುಪಾಸಿನ ಒತ್ತಡ ಹಿಡಿದುಕೊಂಡರೆ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪ್ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತದಲ್ಲ, ಅದು ಈ ಒತ್ತಡ. ಸೋತ ಕ್ಯಾಪ್ ಇದ್ದರೆ ಇಂಜಿನ್ ತಾಳಿಕೊಳ್ಳಬಹುದಾದ ಬಿಸಿಯಲ್ಲೇ ಕೂಲೆಂಟ್ ಕುದಿದು ಬಾಟಲ್‌ನಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೇ ಹೇಳುವುದು, ಬಿಸಿ ಇಂಜಿನ್‌ನ ಗುಳ್ಳೆ ನೋಡಿ ಗ್ಯಾಸ್ಕೆಟ್ ಹೋಗಿದೆ ಅನ್ನಲು ಬರುವುದಿಲ್ಲ. ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಗುಳ್ಳೆ ಶುರುವಾಗಿ ನಿಲ್ಲದೆ ಬರುತ್ತಿದ್ದರೆ, ಆಗ ನಾನೂ ಗ್ಯಾಸ್ಕೆಟ್ ಅನ್ನುತ್ತೇನೆ.

ಟೆಸ್ಟ್ ಕೇಳಿದಿರಿ. ಎರಡು ಸಾಕು. ಒಂದು, ನೀಲಿ ದ್ರವದ ಟೆಸ್ಟ್. ರೇಡಿಯೇಟರ್ ಬಾಯಿಗೆ ಒಂದು ಕೊಳವೆ ಕೂರಿಸಿ, ಒಳಗಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರ್‌ನ ಉರಿದ ಗ್ಯಾಸ್ ಕೂಲೆಂಟ್‌ಗೆ ಸೇರುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಏನನ್ನೂ ಬಿಚ್ಚಬೇಕಾಗಿಲ್ಲ. ಎರಡು, ಪ್ರೆಷರ್ ಟೆಸ್ಟ್. ತಣ್ಣಗಿರುವ ಇಂಜಿನ್‌ಗೆ ಕೈಪಂಪ್‌ನಿಂದ ಕ್ಯಾಪ್‌ನ ಸಂಖ್ಯೆಯಷ್ಟು ಒತ್ತಡ ಕೊಟ್ಟು ಬಿಡುವುದು. ಪಂಪ್‌ನ ಮೀಟರ್ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಅದೇ ಪಂಪ್‌ಗೆ ಕ್ಯಾಪ್ ಸಿಕ್ಕಿಸಿ ಕ್ಯಾಪನ್ನೂ ಪರೀಕ್ಷಿಸಬಹುದು. ಇವೆರಡೂ ಇಲ್ಲದ ಗ್ಯಾರೇಜ್‌ನಲ್ಲಿ ಹೆಡ್ ಇಳಿಸಲು ಕೊಡಬೇಡಿ, ಅಷ್ಟೇ. ಬಿಚ್ಚುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಲಾಂಗ್‌ರೂಟ್ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಥರ್ಮೋಸ್ಟಾಟ್ ಕೀಳುವುದು ತಪ್ಪು ಸಲಹೆ. ಬಹಳ ಇಂಜಿನ್‌ಗಳಲ್ಲಿ ಅದು ರೇಡಿಯೇಟರ್ ದಾರಿ ತೆರೆಯುವಾಗ ಬೈಪಾಸ್ ದಾರಿ ಮುಚ್ಚುತ್ತದೆ. ಕಿತ್ತರೆ ಬೈಪಾಸ್ ತೆರೆದೇ ಉಳಿಯುತ್ತದೆ. ಬಿಸಿ ನೀರಿನಲ್ಲಿ ಒಂದಷ್ಟು ರೇಡಿಯೇಟರ್‌ಗೆ ಹೋಗದೆ ಇಂಜಿನ್‌ನಲ್ಲೇ ಸುತ್ತುತ್ತದೆ, ಇನ್ನೂ ಜಾಸ್ತಿ ಹೀಟ್ ಆಗಬಹುದು. ಹಾಗಾಗದ ಗಾಡಿಯಲ್ಲೂ ಇಂಜಿನ್ ಸರಿಯಾಗಿ ಬೆಚ್ಚಗಾಗುವುದಿಲ್ಲ, ಇಂಜಿನ್‌ನ ಕಂಪ್ಯೂಟರ್ (ಇಸಿಯು) ಸುಮ್ನೆ ಪೆಟ್ರೋಲ್ ಸುರಿಯುತ್ತಾ ಇರುತ್ತದೆ.

ಬಿಳಿಹೊಗೆ

ಹಳೇಸ್ಪ್ಯಾನರ್ ಅವರ ಮಾತು ಒಪ್ಪುತ್ತೇನೆ. ಆದರೂ ನನ್ನ ಗಾಡಿಯ ಕಥೆ ಹೇಳುತ್ತೇನೆ, ಯಾಕೆಂದರೆ ನನ್ನದು ನಿಜವಾಗಿಯೂ ಹೆಡ್ ಗ್ಯಾಸ್ಕೆಟ್ಟೇ ಹೋಗಿತ್ತು. ಕೂಲೆಂಟ್ ಸೇರಿದರೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಹಾಗೆ ತಿರುಗಿಲ್ಲ ಅಂತ ಎಲ್ಲರೂ ನೆಮ್ಮದಿಯಾಗಿದ್ದರು. ಕೊನೆಯವರೆಗೂ ತಿರುಗಲಿಲ್ಲ!

ಶುರುವಾಗಿದ್ದು ಬೆಳಗಿನ ಸ್ಟಾರ್ಟ್‌ನಲ್ಲಿ. ಮೊದಲ ಕೆಲವು ಸೆಕೆಂಡ್ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿತ್ತು, ಆಮೇಲೆ ಸರಿಹೋಗುತ್ತಿತ್ತು. ಪ್ಲಗ್ ಬದಲಿಸಿದರು, ಕಾಯಿಲ್ ಬದಲಿಸಿದರು. ರಾತ್ರಿ ಗ್ಯಾಸ್ಕೆಟ್ ಸಂದಿನಿಂದ ಕೂಲೆಂಟ್ ತೊಟ್ಟು ತೊಟ್ಟಾಗಿ ಆ ಸಿಲಿಂಡರ್‌ಗೆ ಇಳಿಯುತ್ತಿತ್ತು ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. ಕೂಲೆಂಟ್ ಕಮ್ಮಿಯಾಗುತ್ತಿತ್ತು, ಆದರೆ ನೆಲದ ಮೇಲೆ ಒಂದು ಹನಿ ಇಲ್ಲ. ಸ್ಟಾರ್ಟ್ ಮಾಡಿ ಇನ್ನೂ ಇಂಜಿನ್ ಬೆಚ್ಚಗಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ನೀರು ಬಿಸಿಯಾಗದೆ ಒತ್ತಡ ಎಲ್ಲಿಂದ ಬರಬೇಕು ಹೇಳಿ. ಸಿಲಿಂಡರ್‌ನಿಂದಲೇ.

ನಿಮ್ಮ ಹೋಸ್ ಚಪ್ಪಟೆ, ನನ್ನದು ಗಟ್ಟಿ. ಅಲ್ಲೇ ವ್ಯತ್ಯಾಸ ಇದೆ ಅನಿಸುತ್ತದೆ.

ಇನ್ನೊಂದು ಎಚ್ಚರಿಕೆ. ನನ್ನ ಗಾಡಿಗೆ ಒಂದು ಗ್ಯಾರೇಜ್‌ನವರು ನನ್ನನ್ನು ಕೇಳದೆ ಲೀಕ್ ನಿಲ್ಲಿಸುವ ಸೀಲೆಂಟ್ ಸುರಿದಿದ್ದರು. ಅದು ಗ್ಯಾಸ್ಕೆಟ್ ಲೀಕ್ ನಿಲ್ಲಿಸಲಿಲ್ಲ. ಕಾರಿನ ಒಳಗೆ ಬೆಚ್ಚನೆ ಗಾಳಿ ಕೊಡುವ ಹೀಟರ್ ಕೋರ್‌ನ ಸಣ್ಣ ಕೊಳವೆಗಳನ್ನು ಮಾತ್ರ ಚೆನ್ನಾಗಿ ಮುಚ್ಚಿತು. ಹೀಟರ್ ಕೋರ್ ಬದಲಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕಾಯಿತು. ಗ್ಯಾಸ್ಕೆಟ್ ಕೆಲಸಕ್ಕಿಂತ ಅದೇ ದೊಡ್ಡದಾಯಿತು. ಏನೂ ಸುರಿಯಬೇಡಿ ಅಂತ ಜಾಬ್ ಕಾರ್ಡ್ ಮೇಲೆ ಬರೆಸಿ.

ಹಳೇಸ್ಪ್ಯಾನರ್

ಬಿಳಿಹೊಗೆ ಹೇಳಿದ್ದು ನೂರಕ್ಕೆ ನೂರು. ಸೀಲೆಂಟ್ ವಿಷಯಕ್ಕೆ ನಾನೂ ಎಷ್ಟೋ ಸಲ ಬಾಯಿಬಿಟ್ಟು ಬೈದಿದ್ದೇನೆ.

ಒಂದು ಮಾತು ಸೇರಿಸುತ್ತೇನೆ. ಮೇಡಂ ಗಾಡಿಗೆ ಟೆಸ್ಟ್ ಮಾಡಿದಾಗ ನೀಲಿ ಹಳದಿಯಾಯಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಿಬಿಡಬಾರದು. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಹೆಡ್ ಅಲ್ಯೂಮಿನಿಯಂದು, ಬ್ಲಾಕ್ ಕಬ್ಬಿಣದ್ದಾಗಿದ್ದರೆ ಅತಿಯಾಗಿ ಕಾದಾಗ ಹೆಡ್ ಸೊಟ್ಟಗಾಗುವುದು ಅದಕ್ಕೇ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ಅಳೆಯಬೇಕು. ಎಷ್ಟು ಸೊಟ್ಟ ಇದ್ದರೆ ನಡೆಯುತ್ತದೆ ಅನ್ನುವುದು ಇಂಜಿನ್‌ನ ಮ್ಯಾನ್ಯುಯಲ್‌ನಲ್ಲಿರುತ್ತದೆ, ಬಹಳ ಸಲ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಬಿರುಕು ಇದೆಯಾ ಅಂತ ಹೆಡ್‌ಗೂ ಪ್ರೆಷರ್ ಟೆಸ್ಟ್ ಮಾಡಿಸಬೇಕು. ಹೆಡ್ ಬೋಲ್ಟ್‌ಗಳು ಬಿಗಿದಾಗ ಎಳೆದು ಉದ್ದವಾಗುವ ಜಾತಿಯವಾದರೆ ಹಳೆಯದನ್ನೇ ಮತ್ತೆ ಬಿಗಿಯುವಂತಿಲ್ಲ, ಹೊಸದೇ ಬೇಕು.

ಅಂದಹಾಗೆ ನೀಲಿ ನೀಲಿಯಾಗಿಯೇ ಉಳಿದರೆ ಅದು ಪೂರ್ತಿ ಖಾತ್ರಿ ಅಲ್ಲ. ಕೆಲವು ಸೀಳುಗಳು ಲೋಡ್ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತವೆ. ಆದರೆ ನಿಮ್ಮ ಲಕ್ಷಣಗಳ ಜೊತೆ ನೀಲಿ ಉಳಿದರೆ ನಾನಂತೂ ಹೆಡ್ ಮುಟ್ಟುವುದಿಲ್ಲ.

ನೀಲಿಕಾರು

ತುಂಬಾ ಥ್ಯಾಂಕ್ಸ್ ಸರ್, ಬಿಳಿಹೊಗೆ ಅವರಿಗೂ. ಗಾಡಿಯನ್ನು ಅಲ್ಲಿಂದ ಎತ್ತಿಸಿ ಟೆಸ್ಟ್ ಕಿಟ್ ಇರುವ ಬೇರೆ ಗ್ಯಾರೇಜ್‌ಗೆ ಹಾಕಿದೆ. ನಾನು ಅಲ್ಲೇ ನಿಂತು ನೋಡಿದೆ.

ನೀಲಿ ದ್ರವ ನೀಲಿಯಾಗಿಯೇ ಉಳಿಯಿತು. ಅವರು ಆಕ್ಸಿಲರೇಟರ್ ಕೊಟ್ಟು ಕೊಟ್ಟು ಇನ್ನೊಮ್ಮೆಯೂ ಮಾಡಿದರು, ಬಣ್ಣ ಬದಲಾಗಲಿಲ್ಲ. ಎಸಿ ಹಾಕಿದರೆ ಫ್ಯಾನ್ ಅಲ್ಲಾಡಲಿಲ್ಲ. ಮೋಟರ್‌ಗೆ ನೇರವಾಗಿ ಕರೆಂಟ್ ಕೊಟ್ಟರೆ ಜೋರಾಗಿ ತಿರುಗಿತು. ನೀವು ಹೇಳಿದ ಹಾಗೆಯೇ ರೆಸಿಸ್ಟರ್ ಸುಟ್ಟಿತ್ತು. ಕ್ಯಾಪ್‌ನ ಮೇಲೆ 1.1 ಅಂತ ಇದ್ದರೂ ಅದರ ಅರ್ಧ ಒತ್ತಡಕ್ಕೇ ಬಿಟ್ಟುಕೊಟ್ಟಿತು. ರಬ್ಬರ್ ಮುಟ್ಟಿದರೆ ಪುಡಿಯಾಗುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಪಾರ್ಟಿ ಕೊಡುತ್ತಿದ್ದೆ. ಪ್ರೆಷರ್ ಟೆಸ್ಟ್‌ನಲ್ಲಿ ಮುಳ್ಳು ಮೆಲ್ಲಗೆ ಇಳಿಯಿತು. ಹುಡುಕಿದರೆ ವಾಟರ್ ಪಂಪ್‌ನ ಕೆಳಗಿನ ಸಣ್ಣ ತೂತಿನಿಂದ ಹನಿ. ಸುತ್ತ ಒಣಗಿದ ಕೂಲೆಂಟ್‌ನ ಕಲೆಯೂ ಇದೆ, ಅಂದರೆ ಇವತ್ತಿನ ಸೋರಿಕೆ ಅಲ್ಲ. ಈ ಇಂಜಿನ್‌ನಲ್ಲಿ ಪಂಪ್ ತಿರುಗಿಸುವುದು ಟೈಮಿಂಗ್ ಬೆಲ್ಟ್. ಅದನ್ನು ಬಿಚ್ಚದೆ ಪಂಪ್ ಬರುವುದಿಲ್ಲವಂತೆ. ಹೊರಗೆ ಬಂದ ಕೂಲೆಂಟ್ ಕೂಡ ತುಕ್ಕಿನ ಬಣ್ಣ.

ಹನಿ ತುಂಬಾ ಕಮ್ಮಿ ಇದೆ. ಕ್ಯಾಪ್, ರೆಸಿಸ್ಟರ್ ಮಾತ್ರ ಹಾಕಿಸಿ ಪಂಪ್ ಕೆಲಸ ಆಮೇಲೆ ಮಾಡಿಸಿದರೆ ನಡೆಯುತ್ತದಾ? ಕೈ ಬಿಗಿ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಹಳೇಸ್ಪ್ಯಾನರ್

ಕೈ ಬಿಗಿ ಇರುವಾಗಲೇ ಇದನ್ನು ಈಗ ಮಾಡಿಸಬೇಕು. ಆ ತೂತು ಇರುವುದೇ ಒಳಗಿನ ಸೀಲ್ ಹೋಗಿದೆ ಅಂತ ಹೊರಗೆ ತೋರಿಸಲು. ಅಲ್ಲಿಂದ ಕೂಲೆಂಟ್ ಬಂತು ಅಂದರೆ ಪಕ್ಕದ ಬೇರಿಂಗ್‌ಗೂ ತಗಲುತ್ತಿದೆ. ಇನ್ನೊಂದು, ನೀವು ಹೊಸ ಕ್ಯಾಪ್ ಹಾಕಿಸುತ್ತೀರಿ. ಹಳೆ ಕ್ಯಾಪ್ ಅರ್ಧ ಒತ್ತಡಕ್ಕೇ ಬಿಡುತ್ತಿತ್ತು. ಇನ್ನು ಮೇಲೆ ಪೂರ್ತಿ ಒತ್ತಡ ನಿಲ್ಲುತ್ತದೆ, ಇವತ್ತಿನ ಹನಿ ನಾಳೆ ಧಾರೆಯಾಗಬಹುದು. ಪಂಪ್ ಬೇರಿಂಗ್ ಹಿಡಿದುಕೊಂಡರೆ ಬೆಲ್ಟ್ ಹರಿಯುತ್ತದೆ. ಬಹಳ ಇಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗೆ ಪಿಸ್ಟನ್ ಬಡಿಯುತ್ತದೆ. ಆಗ ಹೆಡ್ ಇಳಿಸಲೇಬೇಕು.

ಪಂಪ್ ಜೊತೆ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಅದು ಹಾಯುವ ಐಡ್ಲರ್ ಗಾಲಿ ಎಲ್ಲ ಒಟ್ಟಿಗೆ ಬದಲಿಸಿ. ಲೇಬರ್ ಒಂದೇ ಸಲದ್ದು. ಪಂಪ್ ಮಾತ್ರ ಹಾಕಿ ಹಳೆ ಬೆಲ್ಟ್ ಏರಿಸಿದರೆ ಉಳಿಯುವುದು ಬೆಲ್ಟ್‌ನ ದುಡ್ಡು ಅಷ್ಟೇ. ಮುಂದಕ್ಕೆ ತಳ್ಳಬೇಕಾದರೆ ಎಸಿ ಸರ್ವಿಸ್ ತಳ್ಳಿ. ಅದು ಬೇಕಾಗುವುದೂ ಇಲ್ಲ, ಫ್ಯಾನ್ ಸರಿಯಾದರೆ ಎಸಿ ತಾನಾಗಿಯೇ ತಣ್ಣಗಾಗುತ್ತದೆ ನೋಡಿ.

ತುಕ್ಕಿನ ಬಣ್ಣ ಅಂದರೆ ಯಾರೋ ಬರೀ ನೀರು ತುಂಬುತ್ತಾ ಬಂದಿದ್ದಾರೆ, ಇಲ್ಲವೇ ಕೂಲೆಂಟ್ ಬದಲಿಸಿಯೇ ಇಲ್ಲ. ನೀರು ತಿಳಿಯಾಗಿ ಬರುವವರೆಗೂ ಫ್ಲಶ್ ಮಾಡಿಸಿ. ಹೊಸದನ್ನು ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಗಾಡಿಯ ಪುಸ್ತಕದಲ್ಲಿ ಯಾವ ಬಗೆ ಅಂತ ಬರೆದಿದೆಯೋ ಅದು. ರೆಡಿ ಮಿಕ್ಸ್ ಅಲ್ಲದಿದ್ದರೆ ಬೆರೆಸಲು ಡಿಸ್ಟಿಲ್ಡ್ ವಾಟರ್.

ತುಂಬಿದ ಮೇಲೆ ಗಾಳಿ ತೆಗೆಯುವುದನ್ನು ಅವಸರದಲ್ಲಿ ಮಾಡುವವರು ಜಾಸ್ತಿ. ಗಾಡಿಯ ಮೂತಿ ಸ್ವಲ್ಪ ಮೇಲಿರಲಿ, ಹೀಟರ್ ಫುಲ್ ಬಿಸಿಯಲ್ಲಿರಲಿ. ಫ್ಯಾನ್ ಎರಡು ಸಲ ಹತ್ತಿ ಆರುವವರೆಗೂ ಓಡಿಸಲಿ. ಮುಳ್ಳು ಮೇಲಿದ್ದು ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ಹಾಗಿದ್ದರೆ ಗಾಡಿ ತೆಗೆದುಕೊಂಡು ಹೊರಡಬೇಡಿ. ಮಾರನೇ ದಿನ ಪೂರ್ತಿ ತಣ್ಣಗಾದ ಮೇಲೆ ನೀವೇ ಕ್ಯಾಪ್ ತೆಗೆದು ಮಟ್ಟ ನೋಡಿ.

ಆ ಮೊತ್ತ ಇಲ್ಲದ ಸಾಲು ಈ ಎಸ್ಟಿಮೇಟ್‌ನಲ್ಲೂ ಇದ್ದರೆ ಹೊಡೆಸಿಹಾಕಿ. ಹೊಸದೇನಾದರೂ ಸಿಕ್ಕರೆ ಫೋಟೊ ಕಳಿಸಿ, ಒಪ್ಪಿಗೆ ತೆಗೆದುಕೊಂಡು ಮಾಡಲಿ. ಬಿಚ್ಚಿದ ಹಳೆ ಪಾರ್ಟ್‌ಗಳನ್ನು ಕೇಳಿ ತೆಗೆದುಕೊಳ್ಳಿ.

ನೀಲಿಕಾರು

ಸರಿ ಸರ್, ಪಂಪ್ ಮತ್ತು ಬೆಲ್ಟ್ ಕಿಟ್ ಆರ್ಡರ್ ಮಾಡಲು ಹೇಳಿದೆ. ಆ ಸಾಲು ಇವರ ಎಸ್ಟಿಮೇಟ್‌ನಲ್ಲಿ ಇರಲಿಲ್ಲ, ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ. ಈಗ ಕೇಳಿದ್ದು ಥರ್ಮೋಸ್ಟಾಟ್ ಕೂಡ ಬದಲಿಸಲಾ ಅಂತ. ಅದು ಕೆಟ್ಟಿಲ್ಲವಲ್ಲ, ಬೇಕಾ?

ಹಳೇಸ್ಪ್ಯಾನರ್

ಹೇಗೂ ಕೂಲೆಂಟ್ ಇಳಿಸಿರುತ್ತಾರೆ, ತುಕ್ಕು ನೀರಲ್ಲಿ ಇಷ್ಟು ದಿನ ಕೂತಿದ್ದ ಥರ್ಮೋಸ್ಟಾಟ್ ಬೇರೆ. ಹಾಕಿಸಿಬಿಡಿ. ಅದರ ಮೇಲೆ 82 ಅಂತಲೋ 88 ಅಂತಲೋ ಇರುತ್ತದೆ, ಹಳೆಯದರ ಮೇಲೆ ಇದ್ದಷ್ಟೇ ಇರಲಿ. ಬಿಸಿ ಊರಿಗೆ ಅಂತ ಕಮ್ಮಿ ಡಿಗ್ರಿಯದು ಹಾಕುತ್ತೇವೆ ಅಂದರೆ ಬೇಡ ಅನ್ನಿ. ಮತ್ತೆ ಹೊಸದು ಅಂತ ಹಾಗೇ ಕೂರಿಸಬಾರದು. ದಾರ ಕಟ್ಟಿ ಬಿಸಿ ನೀರಲ್ಲಿ ಇಳಿಬಿಟ್ಟು, ಆ ಡಿಗ್ರಿಗೆ ತೆರೆಯುತ್ತದಾ ಅಂತ ನೋಡಿಯೇ ಹಾಕಲಿ. ಡಬ್ಬಿಯಿಂದಲೇ ಕೆಟ್ಟು ಬಂದ ಥರ್ಮೋಸ್ಟಾಟ್‌ಗಳು ನನ್ನ ಡ್ರಾಯರ್‌ನಲ್ಲಿ ಇನ್ನೂ ಇವೆ.